ಹಲ್ಲಿನ ಎಕ್ಸ್‌ರೇಯಲ್ಲಿ ಕುತ್ತಿಗೆಯ ರಕ್ತನಾಳದ ಸುಣ್ಣ ಕಂಡರೆ ಅದನ್ನು ಎಷ್ಟು ನಂಬಬೇಕು?

ಪ್ರಶ್ನೆ:
ನನ್ನ ತಾಯಿಗೆ 64 ವರ್ಷ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ರಕ್ತದೊತ್ತಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಇಂಪ್ಲಾಂಟ್ ಹಾಕಿಸುವ ಮೊದಲು ಓಪಿಜಿ (ಎರಡೂ ದವಡೆಗಳು ಒಟ್ಟಿಗೆ ಕಾಣುವ ಎಕ್ಸ್‌ರೇ) ತೆಗೆಸಿದಾಗ, ದಂತವೈದ್ಯರು ಎಡದವಡೆಯ ಮೂಲೆಗಿಂತ ಕೆಳಗೆ ಕಂಡ ಬಿಳಿ ಚುಕ್ಕೆಗಳನ್ನು ತೋರಿಸಿ, ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಸುಣ್ಣ ಕಟ್ಟಿರಬಹುದೆಂದು ಚೀಟಿ ಬರೆದುಕೊಟ್ಟರು. ಅಂದಿನಿಂದ ಅಮ್ಮ ಸರಿಯಾಗಿ ನಿದ್ರೆ ಮಾಡಿಲ್ಲ. ಹಲ್ಲಿಗೆಂದು ತೆಗೆದ ಚಿತ್ರದಲ್ಲಿ ಇದು ನಿಜವಾಗಿಯೂ ತಿಳಿಯುತ್ತದೆಯೇ?

ಉತ್ತರ (ಬಾಯಿಯ ವಿಕಿರಣ ಚಿತ್ರಣ ವಿಭಾಗದ ಶಿಕ್ಷಕಿ):
ತಿಳಿಯಬಹುದು. ಅಮೆರಿಕದ ಫ್ರೀಡ್‌ಲ್ಯಾಂಡರ್ ಮತ್ತು ಲ್ಯಾಂಡೆ 1981ರಲ್ಲಿಯೇ ಇದನ್ನು ವರದಿ ಮಾಡಿದ್ದಾರೆ. ಮಿದುಳಿಗೆ ರಕ್ತ ಒಯ್ಯುವ ಈ ನಾಳ, ಅಂದರೆ ಕೆರೋಟಿಡ್ ಅಪಧಮನಿ, ಎರಡಾಗಿ ಕವಲೊಡೆಯುವ ಜಾಗವು ಸಾಮಾನ್ಯವಾಗಿ ಕುತ್ತಿಗೆಯ ಮೂರನೆಯ ಮತ್ತು ನಾಲ್ಕನೆಯ ಕಶೇರುಗಳ (ಬೆನ್ನುಮೂಳೆಯ ಮಣಿಗಳ) ಮಟ್ಟದಲ್ಲಿ, ಅಂದರೆ ದವಡೆಯ ಮೂಲೆಗಿಂತ ಸುಮಾರು 1.5ರಿಂದ 2.5 ಸೆಂಟಿಮೀಟರ್ ಕೆಳಗೆ ಮತ್ತು ಹಿಂದೆ ಬರುವುದರಿಂದ, ಚಿತ್ರ ಅಷ್ಟು ಕೆಳಗಿನವರೆಗೆ ತೆಗೆದಿದ್ದರೆ ಅಲ್ಲಿ ಅಂಚು ಸಮವಿಲ್ಲದ, ಗಂಟುಗಂಟಾದ ಅಥವಾ ಉದ್ದಗೆರೆಯಂತಹ ಬಿಳುಪು ಕಾಣಿಸುತ್ತದೆ. ಒಂದೊಂದು ಹಲ್ಲಿಗೆ ತೆಗೆಯುವ ಸಣ್ಣ ಎಕ್ಸ್‌ರೇಯಲ್ಲಿ ಈ ಜಾಗವೇ ಬರುವುದಿಲ್ಲ.

ಆದರೆ ಅದೇ ನೆರೆಯಲ್ಲಿ ನಮ್ಮನ್ನು ದಾರಿತಪ್ಪಿಸುವ ನೆರಳುಗಳು ಹಲವಿವೆ. ಗಂಟಲ ಮೇಲ್ಭಾಗದ ಹಯಾಯ್ಡ್ ಮೂಳೆಯ ಕೊಂಬು, ಸುಣ್ಣಗಟ್ಟಿದ ದುಗ್ಧಗ್ರಂಥಿ (ಲಿಂಫ್ ಗ್ರಂಥಿ), ಜೊಲ್ಲುಗ್ರಂಥಿಯ ಕಲ್ಲು ಇವೆಲ್ಲ ಅಲ್ಲಲ್ಲೇ ಬೀಳುತ್ತವೆ. ನನ್ನ ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದು ಟ್ರಿಟೀಷಿಯಸ್ ಎಂಬ ಗಂಟಲಿನ ಪುಟ್ಟ ಮೃದ್ವಸ್ಥಿಯ (ಮೆದುಮೂಳೆಯ) ವಿಷಯದಲ್ಲಿ. ಅದು ಗೋಧಿಕಾಳಿನಂತೆ ನುಣುಪಾಗಿ, ಸಮ ಅಂಚಿನಿಂದ ಕಾಣುತ್ತದೆ, ರಕ್ತನಾಳದ ಸುಣ್ಣಕ್ಕೆ ಆ ಅಚ್ಚುಕಟ್ಟು ಇರುವುದಿಲ್ಲ. ಆದ್ದರಿಂದ ನಿಮ್ಮ ದಂತವೈದ್ಯರು "ಇರಬಹುದು" ಎಂದಷ್ಟೇ ಬರೆದದ್ದು ಸರಿಯಾಗಿಯೇ ಇದೆ.

ಉತ್ತರ (ಸಾಮಾನ್ಯ ವೈದ್ಯರು):
ಸುಣ್ಣ ಕಂಡಿತೆಂದ ಮಾತ್ರಕ್ಕೆ ನಾಳ ಮುಚ್ಚಿದೆಯೆಂದು ಅರ್ಥವಲ್ಲ. ಓಪಿಜಿಯಲ್ಲಿ ಸುಣ್ಣ ಕಂಡ ಬಹುಪಾಲು ಜನರಲ್ಲಿ ನಾಳ ತೀರಾ ಕಿರಿದಾಗಿರುವುದಿಲ್ಲ. ಇನ್ನೊಂದೆಡೆ, ಸುಣ್ಣವಿಲ್ಲದ ಮೆತ್ತನೆಯ ಕೊಬ್ಬಿನ ಪದರ ಎಕ್ಸ್‌ರೇಗೆ ಸಿಗುವುದೇ ಇಲ್ಲ. ಎಷ್ಟು ಕಿರಿದಾಗಿದೆಯೆಂದು ತಿಳಿಯಲು ಕುತ್ತಿಗೆಯ ಡಾಪ್ಲರ್ ಸ್ಕ್ಯಾನ್ (ರಕ್ತದ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್) ಮಾಡಿಸಬೇಕು. ಅದರಲ್ಲಿ ಸೂಜಿಯೂ ಇಲ್ಲ, ವಿಕಿರಣವೂ ಇಲ್ಲ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಎರಡೂ ಇರುವುದರಿಂದ, ವರದಿ ಏನೇ ಬಂದರೂ ಅವುಗಳ ಹತೋಟಿಯನ್ನೂ ಕೊಲೆಸ್ಟರಾಲನ್ನೂ ಮತ್ತೊಮ್ಮೆ ನೋಡಿಸಿ. ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕೆಲವೇ ನಿಮಿಷಗಳ ಮಟ್ಟಿಗೆ ಬಂದು ಹೋದರೂ ಡಾಪ್ಲರ್‌ಗೆ ಸರದಿ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಾಗಿದ್ದರೆ ತಂದೆಯವರಿಗೂ ಇದಕ್ಕಾಗಿಯೇ ಒಂದು ಓಪಿಜಿ ತೆಗೆಸಬಹುದೇ?

ಉತ್ತರ (ಶಿಕ್ಷಕಿ):
ದಯವಿಟ್ಟು ಬೇಡ. ಬೇರೆ ಕಾರಣಕ್ಕೆ ತೆಗೆದ ಚಿತ್ರದಲ್ಲಿ ಕಂಡದ್ದನ್ನು ನಿರ್ಲಕ್ಷಿಸಬಾರದೇ ಹೊರತು, ಇದನ್ನು ಹುಡುಕುವುದಕ್ಕೆಂದೇ ವಿಕಿರಣ ಕೊಡುವುದು ಸರಿಯಲ್ಲ. ತಂದೆಯವರ ಹಳೆಯ ಓಪಿಜಿ ಮನೆಯಲ್ಲಿದ್ದರೆ ಅದರ ಕೆಳಮೂಲೆಗಳನ್ನು ನೋಡಿಸಿ. ತಾಯಿಯವರ ಚಿತ್ರದ ಮೂಲಪ್ರತಿಯನ್ನು ಡಾಪ್ಲರ್ ಮಾಡುವವರ ಬಳಿಗೆ ಒಯ್ಯುವುದನ್ನು ಮರೆಯಬೇಡಿ, ಯಾವ ಬದಿಯಲ್ಲಿ ಯಾವ ಮಟ್ಟದಲ್ಲಿ ಹುಡುಕಬೇಕೆಂದು ಅವರಿಗೆ ಅದರಿಂದ ತಿಳಿಯುತ್ತದೆ.