ಪದಚರ್ಚೆ: ಮಕ್ಕಳು ಮಾಡೋ ಪ್ರಾಜೆಕ್ಟ್‌ಗೆ ಏನಂತೀರಿ? ಯೋಜನೆ, ಪ್ರಕಲ್ಪ, ಉಪಕ್ರಮ ಮೂರೂ ಕೈಕೊಟ್ಟಿವೆ

ಎಲ್ಲರಿಗೂ ನಮಸ್ಕಾರ.

ನಾನು ಮುಂಬಯಿ ವಡಾಲಾ ಕಡೆ ಒಂದು ಕನ್ನಡ ಮಾಧ್ಯಮದ ಶಾಲೇಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡ್ತೀನಿ. ಮನೆಗಳಿಗೆ ಒಂದು ಸುತ್ತೋಲೆ ಕಳಿಸ್ಬೇಕಿತ್ತು, ಮಕ್ಕಳು ಈ ಮಳೆಗಾಲ ಪೂರ್ತಿ ಒಂದು ಪ್ರಾಜೆಕ್ಟ್ ಮಾಡ್ತಾರೆ, ದಯವಿಟ್ಟು ಬೆಳಿಗ್ಗೆ ಐದು ನಿಮಿಷ ಫೋನ್ ಕೊಡಿ ಅಂತ. ಕನ್ನಡ ಶಾಲೆ ಅಲ್ವಾ, ಕನ್ನಡದಲ್ಲೇ ಇರ್ಲಿ ಅಂತ "ಯೋಜನೆ" ಅಂತ ಬರೆದೆ. ಮಾರನೇ ದಿನವೇ ಕಲಬುರಗಿ ಕಡೆಯ ಒಬ್ಬರು ತಂದೆ, ಕಟ್ಟಡದ ಕೆಲಸಕ್ಕೆ ಹೋಗೋರು, ರಜೆ ಹಾಕಿ ಬಂದು ನಿಂತ್ರು. "ಅಕ್ಕೋರೆ, ಯೋಜನಾ ಫಾರ್ಮ್ ಎಲ್ಲಿ ಸಿಗ್ತದ್ರೀ? ಆಧಾರ್ ಕಾರ್ಡ್ ತರ್ಬೇಕೇನ್ರೀ?" ನಂಗೆ ನಾಚಿಕೆ ಆಯ್ತು, ಒಂದು ದಿನದ ಕೂಲಿ ಹೋಯ್ತಲ್ಲ ಪಾಪ. ತಪ್ಪು ಅವರದ್ದಲ್ಲ. ಅಲ್ಲಿ ಶಕ್ತಿ ಯೋಜನೆ, ಇಲ್ಲಿ ಲಾಡಕಿ ಬಹೀಣ ಯೋಜನಾ, ಅಂದ್ಮೇಲೆ ಯೋಜನೆ ಅಂದ್ರೆ ಸರ್ಕಾರ ಕೊಡೋದು ನಾವು ತಗೊಳ್ಳೋದು ಅಂತಲೇ ಅರ್ಥ.

ಬಿ.ಎಡ್. ಪುಸ್ತಕಗಳಲ್ಲಿ ಪ್ರಾಜೆಕ್ಟ್ ಮೆಥಡ್‌ಗೆ "ಯೋಜನಾ ಪದ್ಧತಿ" ಅಂತ್ಲೇ ಇರೋದು, ನಾನೂ ಹಾಗೇ ಉರು ಹೊಡೆದು ಪಾಸಾದವಳು. ಆದ್ರೆ 1918ರಲ್ಲಿ ಅಮೆರಿಕದ ಶಿಕ್ಷಣ ಚಿಂತಕ ಕಿಲ್‌ಪ್ಯಾಟ್ರಿಕ್ ಆ ಪದ್ಧತಿ ಬಗ್ಗೆ ಬರೆದಾಗ ಒತ್ತು ಕೊಟ್ಟಿದ್ದು ಪ್ಲಾನ್ ಹಾಕೋದಕ್ಕಲ್ಲ, ಮಗು ತನ್ನದೇ ಒಂದು ಉದ್ದೇಶ ಇಟ್ಕೊಂಡು ಮನಸಾರೆ ಮಾಡೋದಕ್ಕೆ. ಯೋಜನೆ ಅನ್ನೋ ಪದದಲ್ಲಿ ಆ ಮಾಡೋದೇ ಇಲ್ಲ, ಬರೀ ಮುಂದೆ ಮಾಡ್ತೀವಿ ಅನ್ನೋದಿದೆ. (ಹನುಮಂತ ಹಾರಿದ ನೂರು ಯೋಜನ ಬೇರೆ ಇದೆ, ಅದು ಇರ್ಲಿ. ಅರ್ಧ ಕ್ಲಾಸು ಯೋಜನೆ ಬರೆಯೋಕೆ ಹೋಗಿ ಯೋಚನೆ ಅಂತ ಬರೆಯುತ್ತೆ, ಒಂದು ಲೆಕ್ಕದಲ್ಲಿ ಅದೇ ಸರಿ ಅನ್ಸುತ್ತೆ.)

ಸರಿ ಅಂತ ಪಕ್ಕದ ಮರಾಠಿ ವಿಭಾಗದ ಟೀಚರನ್ನ ಕೇಳ್ದೆ, ಅವರು ಥಟ್ ಅಂತ "ಪ್ರಕಲ್ಪ" ಅಂದ್ರು. ಚೆನ್ನಾಗಿದೆ, ಸಂಸ್ಕೃತ ಪದ, ನಮಗೂ ಹೊಸದಲ್ಲ, ಪುಣೆ ಕಡೆಯ ಕನ್ನಡದವರು ಮಾತಲ್ಲಿ ಆರಾಮಾಗಿ ಬಳಸೋದನ್ನ ಕೇಳಿದೀನಿ. ಆದ್ರೆ ಮುಂಬಯಿಯಲ್ಲಿ ಪ್ರಕಲ್ಪ ಅಂದ್ರೆ ರಸ್ತೆ, ಮೆಟ್ರೋ, ಪೈಪ್‌ಲೈನ್, ಝೋಪಡಿ ಒಡೆದು ಕಟ್ಟೋ ಟವರ್. ನನ್ನ ಕ್ಲಾಸಿನ ಇಬ್ಬರು ಮಕ್ಕಳು, ಇಂಥ ಕೆಲಸಗಳಲ್ಲಿ ಮನೆ ಕಳ್ಕೊಂಡವರಿಗೆ ಜಾಗ ಕೊಟ್ಟಿರೋ ಮಾಹುಲ್‌ನಿಂದ ಬರ್ತಾರೆ, ಅವರ ಮನೇಲಿ "ಪ್ರಕಲ್ಪಗ್ರಸ್ತ" ಅನ್ನೋ ಪದ ದಿನಾ ಆಡೋ ಮಾತು, ಮನೆ ಹೋಗಿದ್ದೇ ಪ್ರಕಲ್ಪದಿಂದ. ಆ ಮಕ್ಕಳ ಮುಂದೆ ನಿಂತು ಬನ್ನಿ ಒಂದು ಪ್ರಕಲ್ಪ ಮಾಡೋಣ ಅನ್ನೋಕೆ ನಂಗೆ ಬಾಯಿ ಬರಲ್ಲ. ಹಾಗೆ ನೋಡಿದ್ರೆ ಮಕ್ಕಳ ಪ್ರಾಜೆಕ್ಟ್ ಅಂತ ರಾತ್ರಿ ಹನ್ನೊಂದಕ್ಕೆ ಕೂತು ತಾವೇ ಚಾರ್ಟ್ ಪೇಪರ್ ಕತ್ತರಿಸೋ ಅಪ್ಪ ಅಮ್ಮಂದಿರೂ ಪ್ರಕಲ್ಪಗ್ರಸ್ತರೇ.

ಇನ್ನು ಉಪಕ್ರಮ. ಮರಾಠಿ ಪಠ್ಯಪುಸ್ತಕದಲ್ಲಿ ಇದು ಸಾಮಾನ್ಯ, ಆದ್ರೆ ನಮಗೆ ಉಪಕ್ರಮ ಅಂದ್ರೆ ಆರಂಭ, ಉಪಸಂಹಾರದ ಜೋಡಿ. ಮೂರು ತಿಂಗಳು ನಡೆಯೋ ಕೆಲಸಕ್ಕೆ ಆರಂಭ ಅಂತ ಹೆಸರಿಟ್ರೆ ಹೇಗೆ? "ಚಟುವಟಿಕೆ"ನ ಕರ್ನಾಟಕದ ಶಾಲೆಗಳಲ್ಲಿ ಧಾರಾಳವಾಗಿ ಬಳಸ್ತಾರೆ, ಅದು ಒಂದು ಪೀರಿಯಡ್‌ನಲ್ಲಿ ಮುಗಿಯೋ ಆಟದ ಥರ ಕೇಳ್ಸುತ್ತೆ. ಅಚ್ಚಗನ್ನಡದ ಗೆಳೆಯರು "ಹಮ್ಮುಗೆ" ಅಂತಾರೆ, ಒಂದ್ಸಲ ಪ್ರಯತ್ನಿಸಿದೆ, ನಮ್ಮ ಮಂಗಳೂರು ಕಡೆಯ ಹಿರಿಯ ಟೀಚರ್ ಒಬ್ಬರು "ಹಮ್ಮು ಬಿಮ್ಮು ಎಂತಕ್ಕೆ ಮಾರಾಯ್ತಿ ಮಕ್ಕಳಿಗೆ" ಅಂದ್ರು, ಅಲ್ಲಿಗೆ ಮುಗೀತು.

ಕೆಲಸ ಏನು ಅಂತ ಹೇಳದೆ ಪದ ಕೇಳೋದು ಸರಿಯಲ್ಲ, ಅದಕ್ಕೆ ಹೇಳ್ತೀನಿ. ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ಬೋರಲು ಮಾಡಿ ಬಾಯಿಗಿಟ್ಟು, ಹೊರಗೆ ಸ್ಕೇಲ್ ಅಂಟಿಸಿ ಮಳೆ ಅಳೆಯೋದು. ಬಾಟಲಿ ತಳ ಅಂಕುಡೊಂಕು ಇರೋದ್ರಿಂದ ಸೊನ್ನೆ ಗೆರೆವರೆಗೆ ಮೊದಲೇ ನೀರು ತುಂಬಿಸ್ಬೇಕು, ಇದನ್ನ ಕಂಡುಹಿಡಿದಿದ್ದು ನಾನಲ್ಲ, ಒಬ್ಬ ಹುಡುಗ. ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಬೆಳಿಗ್ಗೆ 8:30ಕ್ಕೆ ಮುಗಿಸುತ್ತೆ, ಹಾಗಾಗಿ ನಮ್ಮದೂ ಅದೇ ಹೊತ್ತಿಗೆ. ಒಂದು ಫೋಟೋ ತೆಗೆದು ಕ್ಲಾಸಿನ ಗ್ರೂಪಿಗೆ ಹಾಕೋದು, ಶಾಲೆಯ ಕಂಪ್ಯೂಟರಿನಲ್ಲಿ ಸರದಿ ಪ್ರಕಾರ ಒಬ್ಬರು ಶೀಟಿಗೆ ತುಂಬೋದು, ಇಲಾಖೆಯ ಮುಂಬಯಿಯ ಎರಡು ಕೇಂದ್ರ, ಕೊಲಾಬಾ ಮತ್ತು ಸಾಂತಾಕ್ರೂಜ್, ಅವುಗಳ ಅಂಕಿ ಪಕ್ಕದಲ್ಲಿಟ್ಟು ನೋಡೋದು. ಶುರುವಾಗಿದ್ದು ಮುಂಬಯಿ ಮಳೆಗೆ ಮುಳುಗಿದ 2005ರ ಜುಲೈ 26ರ ಮಾತಿನಿಂದ. ಅವತ್ತು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್, ಕೊಲಾಬಾದಲ್ಲಿ 74ರ ಒಳಗೆ. ಅಷ್ಟೆತ್ತರಕ್ಕೆ ಗೋಡೆ ಮೇಲೆ ಗೆರೆ ಎಳೆದು ಮಕ್ಕಳನ್ನ ನಿಲ್ಲಿಸಿದ್ರೆ ಒಂದು ಎದೆ ಮಟ್ಟಕ್ಕೆ, ಇನ್ನೊಂದು ಕಾಲಿನ ಗಂಟಿಗೆ. ಒಂದೇ ಊರಲ್ಲಿ ಹೀಗ್ಯಾಕೆ ಟೀಚರ್ ಅಂತ ಅವರೇ ಕೇಳಿದ್ರು, ಆ ಪ್ರಶ್ನೆ ಹಿಡ್ಕೊಂಡೇ ಮೂರು ತಿಂಗಳು. ಇದಕ್ಕೆ ಹೆಸರು ಬೇಕು.

ತಂತ್ರಜ್ಞಾನದ ಪದಗಳು ನಂಗೆ ತೊಂದರೆ ಕೊಡ್ಲಿಲ್ಲ, ಮಕ್ಕಳೇ ನೋಡ್ಕೊಂಡ್ರು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ನೋಡಿ "ಟೀಚರ್, ಇದರಲ್ಲೂ ಜೀಪೇ ಇದೆ" ಅಂದವರು ಅವರು. ಅಂದಹಾಗೆ ಆ ಕೋಡಿನ ಕಥೆಯಲ್ಲಿ ಕನ್ನಡದ ಪಾಲೂ ಇದೆ. ಸೋಲಾಪುರ ಜಿಲ್ಲೆ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೇಲಿ ಪಾಠ ಮಾಡ್ತಿದ್ದ ರಣಜಿತ್‌ಸಿಂಹ ಡಿಸಲೆ, 2020ರ ಗ್ಲೋಬಲ್ ಟೀಚರ್ ಪ್ರೈಜ್ ಬಂತಲ್ಲ ಅವರು, ಮಕ್ಕಳ ಮನೆಮಾತು ಕನ್ನಡ ಅಂತ ತಾವೇ ಕನ್ನಡ ಕಲಿತು ಪಠ್ಯವನ್ನ ಕನ್ನಡಕ್ಕೆ ತಂದು ಅದಕ್ಕೆ ಕೋಡ್ ಅಂಟಿಸಿದವರು. ಅವರ ಕ್ಲಾಸಲ್ಲಿ ಪ್ರಾಜೆಕ್ಟ್‌ಗೆ ಮಕ್ಕಳು ಏನಂತಿದ್ರು ಅಂತ ಕೇಳೋ ಆಸೆ ನಂಗೆ.

ಸದ್ಯಕ್ಕೆ ನನ್ನ ಒಲವು "ಹಿಡಿದ ಕೆಲಸ" ಅನ್ನೋದರ ಕಡೆ. ಹಿಡಿದ ಕೆಲಸ ಬಿಡಬೇಡ ಅಂತ ಎಲ್ಲಾ ಕಡೆಯ ಕನ್ನಡದಲ್ಲೂ ಅಂತಾರೆ, ಕಲಬುರಗಿಯವರಿಗೂ ಗೊತ್ತು ಕುಂದಾಪುರದವರಿಗೂ ಗೊತ್ತು, ಹಲವು ದಿನ ನಡೆಯೋದು ಅನ್ನೋದೂ ಅದರಲ್ಲೇ ಬಂತು. ಆದ್ರೆ "ಪ್ರಾಜೆಕ್ಟ್ ಆಧಾರಿತ ಕಲಿಕೆ" ಅನ್ನೋಕೆ ಹೋದ್ರೆ "ಹಿಡಿದ ಕೆಲಸದ ಕಲಿಕೆ" ಅಂತಾಗಿ ಸ್ವಲ್ಪ ತೊಡಕಾಗುತ್ತೆ, ಮೇಲಿನವರಿಗೆ ಕಳಿಸೋ ವರದೀಲಿ ಒಪ್ತಾರೋ ಇಲ್ವೋ.

ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಯವರು ಇಲ್ಲಿ ಯಾರಾದ್ರೂ ಇದ್ರೆ ನಿಮ್ಮಲ್ಲಿ ಮಕ್ಕಳ ಬಾಯಲ್ಲಿ ಯಾವ ಪದ ಇದೆ ಹೇಳಿ, ಪುಸ್ತಕದ್ದಲ್ಲ, ಬಾಯಲ್ಲಿರೋದು. ಗೋವಾದವರೂ ಹೇಳಿ. ಗುರುವಾರ ಸುತ್ತೋಲೆ ಮತ್ತೆ ಝೆರಾಕ್ಸ್ ಆಗ್ಬೇಕು. ಏನೂ ಸಿಗದಿದ್ರೆ ಇಂಗ್ಲಿಷ್ ಪದವೇ ಹಾಕ್ತೀನಿ, ಆಗ ಪ್ರಾಜೆಕ್ಟೋ ಪ್ರೊಜೆಕ್ಟೋ, ಅದನ್ನೂ ನೀವೇ ಹೇಳ್ಬೇಕು.