ಚಿಪ್ ಮತ್ತು ಚಿಪ್ಸ್: ಕನ್ನಡದಲ್ಲಿ ಹೇಗೆ ಬರೆಯಬೇಕು?

ಪ್ರಶ್ನೆ (ಜಯನಗರದಿಂದ):
ಪ್ರೌಢಶಾಲೆಯ ಮಕ್ಕಳಿಗಾಗಿ ಅರೆವಾಹಕಗಳ (ಚಿಪ್ ತಯಾರಿಸಲು ಬಳಸುವ ಸಿಲಿಕಾನಿನಂಥ ವಸ್ತುಗಳ) ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಬೇಕರಿಯಲ್ಲಿ ಸಿಗುವ ಆಲೂಗಡ್ಡೆ ಚಿಪ್ಸ್, ಮೊಸಾಯಿಕ್ ನೆಲಕ್ಕೆ ಹಾಕುವ ಅಮೃತಶಿಲೆಯ ಚಿಪ್ಸ್, ಮೊಬೈಲಿನೊಳಗಿನ ಚಿಪ್, ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಏಕೆ ಬಂತು? ಪಾಠದಲ್ಲಿ ಕನ್ನಡದ್ದೇ ಪದವನ್ನು ಬಳಸಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಮಲ್ಲೇಶ್ವರದಿಂದ):
ಕೊಡಲಿಯಿಂದ ಮರ ಕಡಿಯುವಾಗ ಅಥವಾ ಉಳಿಯಿಂದ ಕಲ್ಲು ಕೆತ್ತುವಾಗ ಸಿಡಿದು ಬೀಳುವ ಸಣ್ಣ ಚೂರು ಎಂಬುದೇ ಈ ಪದದ ಹಳೆಯ ಅರ್ಥ, ಅದಕ್ಕೆ ನಮ್ಮಲ್ಲಿ ‘ಚಕ್ಕೆ’ ಎಂಬ ಒಳ್ಳೆಯ ಪದವಿದೆ. ಪಿಂಗಾಣಿ ಲೋಟದ ಅಂಚು ಒಡೆದರೆ ನಾವು ‘ಚಕ್ಕೆ ಎದ್ದಿದೆ’ ಎನ್ನುತ್ತೇವೆ. ಇಂಗ್ಲಿಷಿನವರೂ ಅಲ್ಲಿ ಚಿಪ್ ಎಂಬುದನ್ನೇ ಕ್ರಿಯಾಪದವಾಗಿ ಬಳಸುತ್ತಾರೆ. ಹೆಚ್ಚಿ ಕರಿದ ಆಲೂಗಡ್ಡೆಯ ಹೋಳುಗಳಿಗೂ ಅದೇ ಹೆಸರು ಹಬ್ಬಿತು. ತೆಂಗಿನ ಚಿಪ್ಪು, ಆಮೆಯ ಚಿಪ್ಪು ಎನ್ನುವಾಗಿನ ‘ಚಿಪ್ಪು’ ಮಾತ್ರ ಹೊರಗಿನ ಗಟ್ಟಿ ಹೊದಿಕೆಯನ್ನು ಹೇಳುವ ನಮ್ಮದೇ ಬೇರೆ ಪದ. ಮಕ್ಕಳು ಇವೆರಡನ್ನೂ ಬೆರೆಸದಂತೆ ಪಾಠದಲ್ಲಿ ಒಂದು ಮಾತು ಸೇರಿಸಿ.

ಉತ್ತರ 2 (ವೈಟ್‌ಫೀಲ್ಡ್‌ನಿಂದ):
ನಾನು ಚಿಪ್ ವಿನ್ಯಾಸದ ಕೆಲಸದಲ್ಲಿರುವುದರಿಂದ ಆ ಭಾಗವನ್ನಷ್ಟೇ ಹೇಳುತ್ತೇನೆ. ಸಿಲಿಕಾನಿನ ದುಂಡನೆಯ ತೆಳು ಬಿಲ್ಲೆಯ ಮೇಲೆ, ಅಂದರೆ ವೇಫರ್ ಮೇಲೆ, ನೂರಾರು ಸರ್ಕ್ಯೂಟ್‌ಗಳನ್ನು ಒಟ್ಟಿಗೆ ರೂಪಿಸಿ, ಆಮೇಲೆ ಒಂದೊಂದನ್ನೂ ಕೊಯ್ದು ಬೇರ್ಪಡಿಸುತ್ತಾರೆ. ದೊಡ್ಡದರಿಂದ ಬಂದ ಚೂರು ಎಂಬ ಅರ್ಥ ಇಲ್ಲಿಯೂ ಉಳಿದಿದೆ. ಇಂದಿನ ದೊಡ್ಡ ಕಾರ್ಖಾನೆಗಳಲ್ಲಿ ಈ ಬಿಲ್ಲೆಯ ವ್ಯಾಸ 300 ಮಿಲಿಮೀಟರ್. 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಜ್ಯಾಕ್ ಕಿಲ್ಬಿ ತಮ್ಮ ಇಂಟಿಗ್ರೇಟೆಡ್ ಸರ್ಕ್ಯೂಟನ್ನು, ಅಂದರೆ ಇಡೀ ಸರ್ಕ್ಯೂಟನ್ನು ಒಂದೇ ತುಣುಕಿನಲ್ಲಿ ಅಡಗಿಸಿದ ಚಿಪ್ ಅನ್ನು, ಮೊದಲು ತೋರಿಸಿದ್ದು ಜರ್ಮೇನಿಯಂ ಎಂಬ ಇನ್ನೊಂದು ಅರೆವಾಹಕದ ತುಣುಕಿನ ಮೇಲೆ. ಅದೇ ಸಂಸ್ಥೆ 1985ರಲ್ಲಿ ನಮ್ಮ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆಯಿತು. ಇದು ಈ ಊರಿನ ಮಕ್ಕಳಿಗೆ ಗೊತ್ತಿರಲೇಬೇಕಾದ ಸಂಗತಿ. ಆದರೆ ಪಾಠದಲ್ಲಿ ‘ಚಕ್ಕೆ’ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಚಕ್ಕೆ ಏಟಿಗೆ ಸಿಡಿದದ್ದು, ಇದು ಅಳತೆಯಿಟ್ಟು ಕೊಯ್ದದ್ದು. ಮೊಬೈಲ್ ರಿಪೇರಿ ಅಂಗಡಿಯಲ್ಲೂ ‘ಚಿಪ್’ ಎಂದೇ ಹೇಳುವಾಗ ಮಕ್ಕಳಿಗೆ ಅಪರಿಚಿತವಾದ ಪದವೊಂದನ್ನು ಕಲಿಸುವ ಅಗತ್ಯವಿಲ್ಲ.

ಉತ್ತರ 3 (ಬಸವನಗುಡಿಯಿಂದ):
‘ಚಿಪ್’ ಎಂದೇ ಇರಲಿ ಎಂಬುದು ನನ್ನ ಅಭಿಪ್ರಾಯವೂ ಹೌದು. ಕನ್ನಡದ ರೂಢಿ ಗೊಂದಲವನ್ನು ಆಗಲೇ ಬಹುಮಟ್ಟಿಗೆ ಬಿಡಿಸಿದೆ: ತಿನ್ನುವುದು ಒಂದೇ ಇದ್ದರೂ ‘ಚಿಪ್ಸ್’, ಯಂತ್ರದೊಳಗಿನವು ಹಲವಾದರೆ ‘ಚಿಪ್‌ಗಳು’. ಬ್ರಿಟನ್ನಿನಲ್ಲಿ ಮಾತ್ರ ಚಿಪ್ಸ್ ಎಂದರೆ ಉದ್ದುದ್ದ ಹೆಚ್ಚಿ ಕರಿದ ಆಲೂಗಡ್ಡೆ. ನಮ್ಮ ಅಂಗಡಿಗಳ ತೆಳ್ಳನೆಯ ಗರಿಗರಿ ಚಿಪ್ಸನ್ನು ಅಲ್ಲಿ ಕ್ರಿಸ್ಪ್ಸ್ ಎನ್ನುತ್ತಾರೆ.