ಪದ ಬೇಕು (ಅವಸರ): ‘ನ್ಯೂಟ್ರಿಷನ್ ಅಸೆಸ್‌ಮೆಂಟ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ,
ಒಂದು ಆಸ್ಪತ್ರೆಯ ಡಯೆಟೀಷಿಯನ್ ಕೋಣೆಗೆ ಬೋರ್ಡು, ಜೊತೆಗೆ ಎರಡು ಪುಟದ ಫಾರಂ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ‘ಅಸೆಸ್‌ಮೆಂಟ್’ಗೆ ಎಲ್ಲರೂ ‘ಮೌಲ್ಯಮಾಪನ’ ಅಂತಾರೆ. ಬಾಗಿಲ ಮೇಲೆ ‘ಪೌಷ್ಟಿಕತಾ ಮೌಲ್ಯಮಾಪನ ಕೇಂದ್ರ’ ಅಂತ ಕಂಡರೆ ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದಾರೆ ಅನ್ನಿಸುತ್ತೆ, ಅಲ್ವಾ? ಫಾರಂನಲ್ಲಿ ‘ಸ್ಕ್ರೀನಿಂಗ್’ ಬೇರೆ, ‘ಅಸೆಸ್‌ಮೆಂಟ್’ ಬೇರೆ. ನನಗೆ ಎರಡಕ್ಕೂ ‘ತಪಾಸಣೆ’ಯೇ ಹೊಳೆಯುತ್ತಿದೆ. ಇನ್ನು ‘24 ಅವರ್ ರಿಕಾಲ್’ಗೆ (ಕಳೆದ 24 ಗಂಟೆಯಲ್ಲಿ ತಿಂದದ್ದು, ಕುಡಿದದ್ದನ್ನು ರೋಗಿ ನೆನೆದು ಹೇಳುವುದು) ಹಿಂದಿನವರು ‘24 ಗಂಟೆಗಳ ಆಹಾರ ಸ್ಮರಣೆ’ ಅಂತ ಬರೆದಿಟ್ಟಿದ್ದಾರೆ. ಪುಣ್ಯಸ್ಮರಣೆಯ ಹಾಗೆ ಕೇಳುತ್ತದೆ.

* * *

‘ತಪಾಸಣೆ’ ಮರಾಠಿಯಿಂದ ಬಂದದ್ದು, ‘ಮೌಲ್ಯಮಾಪನ’ ಸಂಸ್ಕೃತ. ಎರಡೂ ಬೇಡ. ‘ಉಣಿಸು’ ಅಂದರೆ ಆಹಾರ, ಹಳಗನ್ನಡದಿಂದಲೂ ಇದೆ. ‘ಉಣಿಸಳತೆ’ ಅನ್ನಿ. ರಿಕಾಲ್‌ಗೆ ‘ನಿನ್ನೆಯ ಉಣಿಸಿನ ಲೆಕ್ಕ’. ಮುಗಿಯಿತು. ಅಚ್ಚಗನ್ನಡ ಇರುವಾಗ ಸಾಲ ಯಾಕೆ?

* * *

ಮುಗಿಯಲಿಲ್ಲ. ‘ಉಣಿಸು’ ಇವತ್ತಿನ ಓದುಗರಿಗೆ ಕ್ರಿಯಾಪದ. ಬೋರ್ಡು ನೋಡಿ ಜನ ತಟ್ಟೆ ಹಿಡಿದು ಬಂದಾರು. ಮತ್ತೆ ‘ಲೆಕ್ಕ’ ಅಚ್ಚಗನ್ನಡವಲ್ಲ ಸ್ವಾಮಿ, ತದ್ಭವ. ಸಾಲ ಬೇಡ ಅಂದವರ ಲೆಕ್ಕವೇ ಸಾಲದ್ದು.

ಫಾರಂನಲ್ಲಿ ‘ಅಪೌಷ್ಟಿಕತೆ’ ಇದ್ದರೆ ಅದನ್ನೂ ತೆಗೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ‘ಮಾಲ್‌ನ್ಯೂಟ್ರಿಷನ್’ ಅನ್ನುವಾಗ ಸೊರಗಿದವರೂ ಸೇರುತ್ತಾರೆ, ತೂಕ ಮಿತಿಮೀರಿದವರೂ ಸೇರುತ್ತಾರೆ. ದಪ್ಪಗಿರುವವರಿಗೆ ‘ಅ’ ಹಚ್ಚಿ ಪುಷ್ಟಿ ಇಲ್ಲ ಅಂದರೆ ಯಾರು ನಂಬುತ್ತಾರೆ? ‘ಕುಪೋಷಣೆ’ ಅನ್ನಿ. ‘ಕು’ ಕೊರತೆಗೂ ಸೈ, ಅತಿಗೂ ಸೈ.

* * *

ನಾನು ಡಯೆಟೀಷಿಯನ್, ಈ ಕೆಲಸವನ್ನೇ ಮಾಡುವವಳು. ಮೊದಲು ಕೆಲಸ ಏನು ಅಂತ ನೋಡಿ, ಆಮೇಲೆ ಪದ.

ಸ್ಕ್ರೀನಿಂಗ್ ಐದು ನಿಮಿಷದ್ದು, ನರ್ಸ್ ಕೂಡ ಮಾಡಬಹುದು. ‘ಮಸ್ಟ್’ ಅನ್ನುವ ವಿಧಾನದಲ್ಲಿ ಮೂರೇ ವಿಷಯ: ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಎಷ್ಟು, ಕಳೆದ 3ರಿಂದ 6 ತಿಂಗಳಲ್ಲಿ ತಾನಾಗಿ ತೂಕ ಇಳಿದಿದೆಯಾ, ಕಾಯಿಲೆಯಿಂದ 5 ದಿನಕ್ಕಿಂತ ಜಾಸ್ತಿ ಊಟ ನಿಂತಿದೆಯಾ ಅಥವಾ ನಿಲ್ಲುವ ಹಾಗಿದೆಯಾ. ಒಟ್ಟು ಅಂಕ 2 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯ ಜಾಸ್ತಿ. ಅಂಥವರು ನನ್ನ ಹತ್ತಿರ ಬರುತ್ತಾರೆ. ಇದು ಜರಡಿ ಹಿಡಿಯುವ ಕೆಲಸ.

ಅಸೆಸ್‌ಮೆಂಟ್ ಬರೀ ಅಳತೆಯಲ್ಲ. ಎತ್ತರ, ತೂಕ, ರಕ್ತದ ವರದಿ ಸರಿ. ಆದರೆ ಕಣ್ಣಿನ ಕೆಳಗೆ ಕೊಬ್ಬು ಕರಗಿದೆಯಾ, ಕಣತಲೆ ಗುಳಿ ಬಿದ್ದಿದೆಯಾ ಅಂತ ಕೈಯಿಟ್ಟು ನೋಡುತ್ತೇನೆ. ಕಣಕಾಲು ಒತ್ತಿ ಬಿಟ್ಟಾಗ ಗುಂಡಿ ಉಳಿದರೆ ಅದು ನೀರು, ಆಗ ತಕ್ಕಡಿ ಹೇಳುವ ತೂಕವೇ ಸುಳ್ಳು. ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಕಡಿಮೆ ಬಂದ ಮಾತ್ರಕ್ಕೆ ಊಟ ಸಾಲದು ಅಂತಲ್ಲ, ಸೋಂಕಿಗೂ ಅದು ಇಳಿಯುತ್ತದೆ. ಎಲ್ಲ ಕೂಡಿಸಿ ಒಂದು ತೀರ್ಮಾನಕ್ಕೆ ಬರಬೇಕು. ‘ಅಳತೆ’ ಸಾಲದು.

ರಿಕಾಲ್ ಅಂತೂ ಮಾತುಕತೆ. ಮೊದಲು ತಡೆಯದೆ ಹೇಳಲು ಬಿಡುತ್ತೇವೆ. ‘ಮಧ್ಯಾಹ್ನದ ಮೇಲೆ ಏನೂ ಇಲ್ಲ’ ಅಂತಾರೆ. ‘ಕುಡಿದದ್ದು?’ ಅಂದರೆ ಎರಡು ಲೋಟ ಕಾಫಿ, ಲೋಟಕ್ಕೆ ಮೂರು ಚಮಚ ಸಕ್ಕರೆ ಹೊರಬರುತ್ತದೆ. ಆಮೇಲೆ ಬಟ್ಟಲು ತೋರಿಸಿ ಎಷ್ಟು ಅಂತ ಕೇಳುವುದು. ‘ನಿನ್ನೆಯ’ ಅಂತ ಹಾಕಿದರೆ ಇವತ್ತು ಬೆಳಗಿನ ತಿಂಡಿ ಬಿಟ್ಟೇಹೋಗಬಹುದು. ಇದಕ್ಕೆ ನಾಮಪದವೇ ಬೇಡ, ಪ್ರಶ್ನೆ ಹಾಕಿ.

* * *

ತದ್ಭವ ನಮ್ಮದೇ. ಅಷ್ಟೂ ಗೊತ್ತಿಲ್ಲದವರ ಜೊತೆ ವಾದ ಇಲ್ಲ. ಹೀಗೇ ಬಿಟ್ಟರೆ ನಾಳೆ ‘ಊಟ’ಕ್ಕೂ ಇಂಗ್ಲಿಷ್ ಪದ ತರುತ್ತೀರಿ.

* * *

‘ಡಿನ್ನರ್’ ಬಂದು ಎಷ್ಟು ವರ್ಷವಾಯಿತು? ಊಟ ಇನ್ನೂ ಇದೆ. ಗಾಬರಿ ಬೇಡ.

* * *

ಮೇಡಂ, ತುಂಬಾ ಉಪಕಾರವಾಯಿತು. ಬೋರ್ಡಿಗೆ ‘ಪೋಷಣೆ ಪರಿಶೀಲನೆ’. ಸ್ಕ್ರೀನಿಂಗ್‌ಗೆ ‘ಮೊದಲ ತಪಾಸಣೆ’ (ಮರಾಠಿ ಆದರೂ ಎಲ್ಲರಿಗೂ ಗೊತ್ತು. ‘ಜರಡಿ’ ಹಾಕುವ ಧೈರ್ಯ ಬರಲಿಲ್ಲ). ‘ಕುಪೋಷಣೆ’ ತೆಗೆದುಕೊಂಡೆ. ರಿಕಾಲ್ ಜಾಗದಲ್ಲಿ: ‘ನಿನ್ನೆ ಇಷ್ಟೊತ್ತಿನಿಂದ ಈಗಿನವರೆಗೆ ಏನೇನು ತಿಂದಿರಿ, ಏನೇನು ಕುಡಿದಿರಿ?’ ಅಚ್ಚಿಗೆ ಕಳಿಸಿಬಿಟ್ಟೆ.

* * *

‘ಫಾರಂ’ಗೆ ಕನ್ನಡ ಪದ ಇಲ್ಲವೇ?